ಕಟ್ಟಡ ಕೆಲಸದ ಫೋಟೊ ದಾಖಲೆ: ನಮ್ಮ ಕಡೆ ಇದನ್ನು ವೃತ್ತಿ ಮಾಡಿಕೊಳ್ಳೋದು ಹೇಗೆ?

ಆಲೂರು ಕ್ಯಾಮೆರಾ ಕೇಳಿದ್ದು:

ಮದುವೆ, ನಾಮಕರಣದ ಫೋಟೊ ಕಡಿಮೆ ಮಾಡಿ ಕಟ್ಟಡ ಕೆಲಸದ ದಾಖಲೆಗೆ ಬರಬೇಕು ಅಂತಿದ್ದೇನೆ. ಮೂಡಿಗೆರೆ ಹತ್ತಿರ ಕಾಫಿ ತೋಟದೊಳಗೆ ಎರಡಂತಸ್ತಿನ ಹೋಂಸ್ಟೇ, ಪಾಯದಿಂದ ಗೃಹಪ್ರವೇಶಕ್ಕೆ ಸುಮಾರು ಹತ್ತು ತಿಂಗಳು. ಮಾಲೀಕರು ಊರಲ್ಲಿರಲ್ಲ. ಫುಲ್ ಫ್ರೇಮ್ ಬಾಡಿ, 24-70 ಲೆನ್ಸ್, ಟ್ರೈಪಾಡ್ ಇದೆ. ಯಾವ್ಯಾವ ಹಂತದಲ್ಲಿ ಹೋಗಬೇಕು, ಏನು ತಪ್ಪಬಾರದು, ಡ್ರೋನ್ ಹಾರಿಸಬಹುದಾ, ರೇಟು ಹೇಗೆ ಹೇಳೋದು? ಗೊತ್ತಿದ್ದವರು ವಿವರವಾಗಿ ತಿಳಿಸಿ.

ಸೈಜುಗಲ್ಲು:

ಮೊದಲನೇ ಮಾತು, "ತಿಂಗಳಿಗೆ ಎರಡು ಸಲ ಬರ್ತೀನಿ" ಅಂತ ಒಪ್ಕೋಬೇಡಿ. ಎರಡು ಭೇಟಿಗಳ ನಡುವೆ ಕಾಂಕ್ರೀಟ್ ಬಿದ್ದುಹೋಯ್ತು ಅಂದ್ರೆ ಒಳಗಿದ್ದದ್ದು ಇನ್ಯಾವತ್ತೂ ಕಾಣಲ್ಲ. ಹಂತದ ಲೆಕ್ಕದಲ್ಲಿ ಹೋಗಬೇಕು. ಮಾರ್ಕಿಂಗ್, ಫೂಟಿಂಗ್ (ಪಾಯದ ಬುಡ) ಕಂಬಿ, ಪ್ಲಿಂತ್ ಬೀಮ್ (ನೆಲಮಟ್ಟದ ತೊಲೆ), ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ತೊಲೆ), ಪ್ರತಿ ಮೋಲ್ಡಿಗೆ (ಸ್ಲ್ಯಾಬಿನ ಕಾಂಕ್ರೀಟಿಗೆ) ಹಿಂದಿನ ದಿನ ಒಂದು ಸಲ ಮತ್ತು ಹಾಕೋ ದಿನ ಒಂದು ಸಲ, ಗೋಡೆ ಕೊರೆದು ಪೈಪು ಕೂರಿಸಿದಾಗ, ಬಚ್ಚಲುಮನೆಗೆ ನೀರು ಕಟ್ಟಿ ಪರೀಕ್ಷೆ ಮಾಡುವಾಗ, ಹೆಂಚಿನ ಮಾಡಿನ ಪಕಾಸಿ ರೀಪು ಕೂತಾಗ, ಬಣ್ಣಕ್ಕೆ ಮುಂಚೆ, ಆಮೇಲೆ. ನಿಮ್ಮ ಕಟ್ಟಡಕ್ಕೆ ಹದಿನಾಲ್ಕು-ಹದಿನಾರು ಭೇಟಿ ಆಗತ್ತೆ. ಮೇಸ್ತ್ರಿಯವರು ಹಿಂದಿನ ದಿನ ಫೋನ್ ಮಾಡಲೇಬೇಕು ಅನ್ನೋದನ್ನ ಮಾಲೀಕರ ಬಾಯಲ್ಲೇ ಹೇಳಿಸಿ.

ಇನ್ನು ಸ್ಥಿರ ಬಿಂದುಗಳು. ಕಟ್ಟಡದ ಸುತ್ತ ಆರು ಜಾಗ ಗುರುತು ಮಾಡಿ, ಪ್ರತಿ ಸಲವೂ ಅಲ್ಲಿಂದಲೇ, ಅದೇ ಎತ್ತರ, ಅದೇ ಫೋಕಲ್ ಲೆಂತ್. ಟ್ರೈಪಾಡ್ 1.5 ಮೀಟರ್, ಲೆನ್ಸ್ 24, ಎಫ್ 8, ಐಎಸ್ಒ 100, ಕ್ಯಾಮೆರಾ ಮಟ್ಟಸವಾಗಿ. ಮೇಲಕ್ಕೆ ಬಾಗಿಸಿದರೆ ಗೋಡೆಗಳು ಒಳಕ್ಕೆ ವಾಲಿದ ಹಾಗೆ ಬರುತ್ತವೆ, ಗೋಡೆ ತೂಕುಗುಂಡಿಗೆ ಸರಿಯಿದೆಯೋ ಇಲ್ಲವೋ ಅಂತ ಆ ಫೋಟೊದಲ್ಲಿ ಹೇಳೋಕಾಗಲ್ಲ. ಹಿಂದಿನ ಸಲದ ಫೋಟೊ ಮೊಬೈಲಲ್ಲಿಟ್ಟು ಹೊಂದಿಸಿಕೊಳ್ಳಿ.

ಹೊಸಬರು ತಪ್ಪೋದು ಬಿಂದು ಆರಿಸೋದ್ರಲ್ಲಿ. ಸೈಟಿನ ಒಳಗೆ ಗುರುತು ಮಾಡಿದರೆ ಮುಂದಿನ ವಾರ ಅದರ ಮೇಲೆ ಎಂ-ಸ್ಯಾಂಡ್ ರಾಶಿ ಬಿದ್ದಿರತ್ತೆ. ಕಟ್ಟಡದ ಗಡಿಯಿಂದ ಆಚೆ, ಬಂಡೆ, ಹಳೇ ಕಣದ ಅಂಚು, ಕಾಂಪೌಂಡ್ ಕಂಬದಂಥ ಅಲುಗಾಡದ ವಸ್ತುವಿಗೆ ಬಣ್ಣದ ಚುಕ್ಕೆ ಹಾಕಿ. ಸಿಲ್ವರ್ ಮರವನ್ನು ಗುರುತಾಗಿ ನಂಬಬೇಡಿ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ಆದ ಮೇಲೆ ಇಡೀ ನೋಟವೇ ಬದಲಾಗತ್ತೆ.

ಕವರ್ ಬ್ಲಾಕ್:

ಸೈಟ್ ಇಂಜಿನಿಯರ್ ಕಣ್ಣಿಂದ ಒಂದಿಷ್ಟು ಸೇರಿಸ್ತೀನಿ. ಕಂಬಿ ಹಂತದ ಫೋಟೊದಲ್ಲಿ ಅಳತೆ ಇಲ್ಲದಿದ್ರೆ ಅದು ನಮಗೆ ಉಪಯೋಗಕ್ಕೆ ಬರಲ್ಲ. ಸ್ಟೀಲ್ ಟೇಪು ಬಿಚ್ಚಿ ಕಂಬಿಗೆ ಅಡ್ಡವಾಗಿ ಮಲಗಿಸಿ, ನೇರ ಮೇಲಿಂದ ತೆಗೀರಿ. ಡ್ರಾಯಿಂಗಲ್ಲಿ 150 ಮಿ.ಮೀ. ಅಂತರ ಅಂತಿದ್ರೆ 900 ಮಿ.ಮೀ. ಒಳಗೆ ಆರು ಅಂತರ ಎಣಿಸೋಕೆ ಸಿಗಬೇಕು. ಕವರ್ ಬ್ಲಾಕ್, ಅಂದ್ರೆ ಕಂಬಿ ಮತ್ತು ಅಚ್ಚಿನ ನಡುವೆ ಕಾಂಕ್ರೀಟಿಗೆ ಜಾಗ ಬಿಡೋಕೆ ಇಡೋ ಬಿಲ್ಲೆ, ಹತ್ತಿರದಿಂದ ಬರಲಿ. ಡ್ರಾಯಿಂಗಲ್ಲಿ ಬೇರೆ ಹೇಳದಿದ್ರೆ ಆ ಜಾಗ ಸಾಮಾನ್ಯವಾಗಿ ಸ್ಲ್ಯಾಬಿಗೆ 20, ಬೀಮಿಗೆ 25, ಕಾಲಂಗೆ 40, ಫೂಟಿಂಗಿಗೆ 50 ಮಿ.ಮೀ.

ಬಾಲ್ಕನಿ ಇದ್ರೆ ಅಲ್ಲಿ ನಿಧಾನವಾಗಿ ನಿಂತು ತೆಗೀರಿ. ಹೊರಚಾಚಿದ ಸ್ಲ್ಯಾಬಿಗೆ ಜೀವ ಇರೋದು ಮೇಲಿನ ಕಂಬಿಯಲ್ಲಿ. ಹಿಂದಿನ ಸಂಜೆ ಅದು ಕುರ್ಚಿ ಕಂಬಿ (ಮೇಲಿನ ಕಂಬಿಯನ್ನ ಎತ್ತಿ ಹಿಡಿಯೋ ಬಾಗಿಸಿದ ಕಂಬಿ) ಮೇಲೆ ಸರಿಯಾಗೇ ಕೂತಿರತ್ತೆ. ಬೆಳಿಗ್ಗೆ ಬಾಣಲೆ ಹೊತ್ತವರು ಅದರ ಮೇಲೆ ಓಡಾಡಿ ಓಡಾಡಿ ಕೆಳಗಿನ ಸೆಂಟ್ರಿಂಗ್ ಶೀಟಿನ (ಕಾಂಕ್ರೀಟ್ ಸುರಿಯೋ ಅಚ್ಚಿನ ತಗಡು) ಹತ್ತಿರಕ್ಕೆ ತುಳಿದುಬಿಟ್ಟಿರುತ್ತಾರೆ. ಮೇಲಿಂದ ತೆಗೆದ ಫೋಟೊದಲ್ಲಿ ಇದು ಗೊತ್ತೇ ಆಗಲ್ಲ, ಎರಡೂ ಒಂದೇ ಥರ ಕಾಣ್ತವೆ. ಟೇಪನ್ನ ಸೆಂಟ್ರಿಂಗ್ ಶೀಟಿನ ಮೇಲೆ ನೆಟ್ಟಗೆ ನಿಲ್ಲಿಸಿ, ಕ್ಯಾಮೆರಾ ಕಂಬಿ ಮಟ್ಟಕ್ಕೆ ಇಳಿಸಿ ಪಕ್ಕದಿಂದ ತೆಗೀಬೇಕು. ಒಂದು ಹಿಂದಿನ ದಿನ, ಒಂದು ಕಾಂಕ್ರೀಟ್ ಬೀಳೋಕೆ ಹತ್ತು ನಿಮಿಷ ಮುಂಚೆ. ಇಳಿದಿದ್ರೆ ಆಗಲೇ ಇಂಜಿನಿಯರಿಗೆ ತೋರಿಸಿ. ಆಮೇಲೆ ತೋರಿಸಿ ಫಲ ಇಲ್ಲ.

ಬೆಳಿಗ್ಗೆ ಏಳರ ಓರೆ ಬಿಸಿಲಲ್ಲಿ ಕಂಬಿ ತೆಗೀಬೇಡಿ, ಒಂದೊಂದು ಕಂಬಿಗೂ ನೆರಳು ಬಿದ್ದು ಎರಡೆರಡು ಕಾಣ್ತವೆ. ಮೋಡ ಇರೋ ಹೊತ್ತೇ ಒಳ್ಳೇದು.

ಗೋಡೆಯೊಳಗಿನ ಪೈಪಿಗೆ ಎರಡು ಟೇಪು ಬೇಕು, ಒಂದು ನೆಲದಿಂದ, ಒಂದು ಮೂಲೆಯಿಂದ. ಐದು ವರ್ಷ ಬಿಟ್ಟು ಗೀಸರ್ ಕೂರಿಸೋಕೆ ಡ್ರಿಲ್ ಹಿಡಿಯೋರಿಗೆ ಆ ಒಂದು ಫೋಟೊ ಸಾಕು. ನೀರಿನ ಲೈನಿನ ಪ್ರೆಶರ್ ಪರೀಕ್ಷೆಗೆ ಗೇಜಿನ ಮುಖ ಶುರುವಲ್ಲೊಂದು, ಕೊನೆಯಲ್ಲೊಂದು.

ಸ್ಲ್ಯಾಬಿನ ಕೆಳಗಿನ ಜಾಕಿ (ಅಚ್ಚಿಗೆ ಕೊಟ್ಟ ಊರೆಗಂಬ) ಬಿಚ್ಚಿದ ದಿನವೂ ದಾಖಲಾಗಲಿ. ಕಾಂಕ್ರೀಟ್ ಹಾಕಿ, ಆಸರೆಯಿಂದ ಆಸರೆಗೆ 4.5 ಮೀಟರ್ ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ಅಗಲ ಇದ್ರೆ 14, ಆರು ಮೀಟರ್ ವರೆಗಿನ ಬೀಮಿಗೆ 14 ದಿನ ಆಗಿರಲೇಬೇಕು. ಚಳಿಗೆ ಇನ್ನೂ ತಡ ಆಗಬಹುದು.

ಕೊಟ್ಟಿಗೆಹಾರ ಮಂಜು:

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಶತ್ರು ತೇವ. ಲೆನ್ಸನ್ನ ಚರ್ಮದ ಬ್ಯಾಗಲ್ಲಿಟ್ರೆ ಫಂಗಸ್ ಗ್ಯಾರಂಟಿ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೆ ಒಂದು ತೇವಮಾಪಕ, 40-50 ಪರ್ಸೆಂಟ್ ಇರಬೇಕು. ಎಸಿ ಕಾರಿಂದ ಇಳಿದ ತಕ್ಷಣ ತೆಗೀಬೇಡಿ, ಇಪ್ಪತ್ತು ನಿಮಿಷ ಬ್ಯಾಗಲ್ಲೇ ಬಿಡಿ, ಇಲ್ಲಾಂದ್ರೆ ಗಾಜಿನ ಮೇಲೆ ಹನಿ ಕೂರತ್ತೆ. ಸಿಮೆಂಟ್ ದೂಳನ್ನ ಒದ್ದೆ ಬಟ್ಟೇಲಿ ಒರೆಸಲೇಬಾರದು, ಕೋಟಿಂಗ್ ಗೀರಿ ಹೋಗತ್ತೆ. ಮೊದಲು ಬ್ಲೋಯರ್. ಸೈಟಲ್ಲಿ ಲೆನ್ಸ್ ಬದಲಿಸೋದು ಬೇಡ, 24-70 ಒಂದೇ ಸಾಕು.

ಹತ್ತು ತಿಂಗಳ ಟೈಮ್‌ಲ್ಯಾಪ್ಸ್ (ಬಿಟ್ಟು ಬಿಟ್ಟು ತೆಗೆದ ಫೋಟೊ ಜೋಡಿಸಿದ ವಿಡಿಯೊ) ಕೇಳಿದ್ರೆ ಯೋಚನೆ ಮಾಡಿ. ಮಳೆಗಾಲದಲ್ಲಿ ಸೋಲಾರ್ ಪ್ಯಾನೆಲ್ ಬ್ಯಾಟರಿ ತುಂಬಲ್ಲ, ಡಬ್ಬಿ ಗಾಜಿನ ಮೇಲೆ ಜೇಡ ಬಲೆ ಕಟ್ಟತ್ತೆ. ಮೋಲ್ಡ್ ಹಾಕೋ ಒಂದು ದಿನದ್ದು ಮಾಡಿಕೊಡಿ. ಎಂಟು ಗಂಟೆ, 20 ಸೆಕೆಂಡಿಗೊಂದು ಅಂದ್ರೆ 1440 ಫ್ರೇಮು, ಸೆಕೆಂಡಿಗೆ 25 ಫ್ರೇಮಿನ ವೇಗದಲ್ಲಿ 58 ಸೆಕೆಂಡ್ ವಿಡಿಯೊ. ಫೋಕಸ್ ಮ್ಯಾನುಯಲ್‌ಗೆ ಹಾಕಿ ರಿಂಗಿಗೆ ಟೇಪು ಅಂಟಿಸಿ, ವೈಟ್ ಬ್ಯಾಲೆನ್ಸ್ ಲಾಕ್.

ಡ್ರೋನ್: 250 ಗ್ರಾಂ ದಾಟಿದ್ದನ್ನ ದುಡ್ಡಿನ ಕೆಲಸಕ್ಕೆ ಹಾರಿಸೋಕೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಯಾವುದೇ ತೂಕದ್ದಾದ್ರೂ ಡಿಜಿಟಲ್ ಸ್ಕೈ ನಕ್ಷೆ (ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸೋ ಸರ್ಕಾರಿ ನಕ್ಷೆ) ನೋಡದೆ ಎತ್ತಬೇಡಿ. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, ಬೇಲೂರು, ಹಳೇಬೀಡಿನ ಗುಡಿಗಳು ಪುರಾತತ್ವ ಇಲಾಖೆಯವು, ಭದ್ರಾ ಕಡೆ ಅಭಯಾರಣ್ಯ. ಆ ಕಡೆಯ ಕೆಲಸ ಒಪ್ಪೋಕೆ ಮುಂಚೆ ಅನುಮತಿ ಯಾರು ತರ್ತಾರೆ ಅಂತ ಕೇಳಿ.

ಕರಾರು ಪತ್ರ:

ರೇಟನ್ನ ಭೇಟಿ ಲೆಕ್ಕದಲ್ಲಿ ಹೇಳಿ. ಪ್ರಯಾಣ ಬೇರೆ, ಹೋದ ಮೇಲೆ ಕೆಲಸ ಮುಂದಕ್ಕೆ ಹೋಗಿದ್ರೆ ಅದಕ್ಕೂ ಅರ್ಧ ಭೇಟಿ ಅಂತ ಬರೆಸಿ. ಮಲೆನಾಡಲ್ಲಿ ಮಳೆಗೆ ಮೋಲ್ಡ್ ಮುಂದೂಡೋದು ಮಾಮೂಲು.

ಹಕ್ಕಿನ ವಿಷಯ ಬಾಯಿಮಾತಲ್ಲಿ ಬಿಡಬೇಡಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ರೆ, ತೆಗೆಸಿದವರೇ ಮೊದಲ ಮಾಲೀಕರು. ನಿಮ್ಮ ಕೆಲಸದ ಮಾದರಿಯಾಗಿ ತೋರಿಸೋ ಹಕ್ಕು ಬೇಕಾದ್ರೆ ಮೊದಲೇ ಬರೆದುಕೊಳ್ಳಿ.

ಮಾಲೀಕರಿಗೂ ಕಂಟ್ರಾಕ್ಟರಿಗೂ ತಕರಾರಾದ್ರೆ ಈ ಫೋಟೊಗಳು ಕೋರ್ಟಿಗೆ ಹೋಗ್ತವೆ. ಅಲ್ಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವೂ (ಫೈಲ್ ಬದಲಾಗಿದ್ರೆ ತಿಳಿಸೋ ಬೆರಳಚ್ಚಿನಂಥ ಸಂಕೇತ) ಇರಬೇಕು. ಕ್ಯಾಮೆರಾ ಗಡಿಯಾರ ಸರಿ ಇಡಿ, ಮೂಲ ಫೈಲ್ ಮುಟ್ಟಬೇಡಿ, ತಿದ್ದೋದೆಲ್ಲ ಪ್ರತಿಯಲ್ಲಿ. ವಾಟ್ಸಾಪಲ್ಲಿ ಫೋಟೊ ಆಗಿ ಕಳಿಸಿದ್ರೆ ತಾರೀಖು, ಜಾಗದ ಮಾಹಿತಿ ಅಳಿಸಿಹೋಗತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಆಲೂರು ಕ್ಯಾಮೆರಾ:

ತುಂಬಾ ಉಪಕಾರ ಆಯ್ತು. ಕಟ್ಟಡದ ಮುಖ ಉತ್ತರಕ್ಕಿದೆ. ಮುಗಿದ ಮೇಲಿನ ಫೋಟೊಗೆ ಯಾವ ತಿಂಗಳು ಒಳ್ಳೇದು?

ಸೈಜುಗಲ್ಲು:

ನಮ್ಮದು 13 ಡಿಗ್ರಿ ಅಕ್ಷಾಂಶ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ಸೂರ್ಯ ನೆತ್ತಿಯಿಂದ ಉತ್ತರಕ್ಕಿರ್ತಾನೆ, ಅದರಲ್ಲಿ ಮುಕ್ಕಾಲು ಪಾಲು ಮಳೆ. ಹಾಗಾಗಿ ಮೇ ತಿಂಗಳು, ಬೆಳಿಗ್ಗೆ ಎಂಟರ ಒಳಗೆ. ಅದು ತಪ್ಪಿದ್ರೆ ಸಂಜೆ ದೀಪ ಹಚ್ಚಿಸಿ, ಸೂರ್ಯ ಮುಳುಗಿ ಕಾಲು ಗಂಟೆ ಆದ ಮೇಲೆ ತೆಗೀರಿ.