ಪದಚರ್ಚೆ: ಸವಣ, ಸಾಮು, ಕಾಯಕ… ಒಳಗಿನ ದುಡಿತಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳಬೇಕಿತ್ತು. ಜಪ, ಧ್ಯಾನ, ಉಪವಾಸ ಅಂತ ಹಿಡಿದು ವರ್ಷಗಟ್ಟಲೆ ಬಿಡದೆ ನಡೆಸುವವರು ಇರ್ತಾರಲ್ಲ, ಅವರು ಪಡುವ ಪಾಡಿಗೆ ಈಗ ಕನ್ನಡದಲ್ಲಿ ಏನನ್ನೋಣ? 'ಸಾಧನೆ' ಇದೆಯಲ್ಲ ಅಂತೀರಿ. ನನ್ನ ತಕರಾರು ಇರೋದೇ ಅಲ್ಲಿ. ಪೇಪರ್ ತೆಗೆದರೆ 'ಸಾಧಕರಿಗೆ ಸನ್ಮಾನ'. ಎಸ್ಸೆಸ್ಸೆಲ್ಸಿಯಲ್ಲಿ ಜಾಸ್ತಿ ಅಂಕ ತೆಗೆದರೆ ಸಾಧನೆ, ಸರ್ಕಾರಕ್ಕೆ ನೂರು ದಿನ ತುಂಬಿದರೂ ಸಾಧನೆ. ಮಠದಲ್ಲಿ ಸಾಧಕ ಅಂದರೆ ಇನ್ನೂ ದಾರಿಯಲ್ಲಿ ಇರುವವನು. ಪೇಪರಿನಲ್ಲಿ ಸಾಧಕ ಅಂದರೆ ತಲುಪಿ, ಹಾರ ಹಾಕಿಸಿಕೊಂಡು, ಶಾಲು ಹೊದ್ದು ಕೂತವನು. ಮೈಸೂರು, ಬೆಂಗಳೂರಿನ ಸಂಗೀತದವರು ಮಾತ್ರ 'ಬೆಳಗಿನ ಜಾವ ಎದ್ದು ಸಾಧಕ ಮಾಡ್ಬೇಕು' ಅಂತ ಹಳೇ ಅರ್ಥವನ್ನ ಉಳಿಸಿಕೊಂಡಿದ್ದಾರೆ. ಧಾರವಾಡದ ಕಡೆ ಅದಕ್ಕೂ ರಿಯಾಜ್.

ಹಾಗಾದರೆ 'ಶ್ರಮ' ಅಂತ ಬಳಸಬಹುದಾ ಅಂತ ಹುಡುಕುತ್ತಾ ಹೊರಟೆ. ಈ ಪದದ ಸಂಸಾರ ದೊಡ್ಡದು.

ಸಂಸ್ಕೃತದ ಆ ಧಾತುವಿಗೆ ದಣಿಯುವುದು ಅಂತ ಅರ್ಥ. ಪರಿಶ್ರಮ, ಆಶ್ರಮ, ವಿಶ್ರಾಂತಿ ಎಲ್ಲಾ ಅಲ್ಲಿಂದಲೇ ಬಂದವು. ತಪಸ್ಸಿನಲ್ಲಿ ಮೈ ದಣಿಸುವವನು ಶ್ರಮಣ. ಜೈನ ಮುನಿಗಳಿಗೂ ಬೌದ್ಧ ಭಿಕ್ಷುಗಳಿಗೂ ಈ ಹೆಸರಿತ್ತು. ಹಳಗನ್ನಡದಲ್ಲಿ ಅದೇ 'ಸವಣ' ಆಯಿತು. ಶ್ರವಣಬೆಳಗೊಳದ 'ಶ್ರವಣ' ಕೂಡ ಈ ಶ್ರಮಣನೇ, ಕಿವಿಯಲ್ಲಿ ಕೇಳುವ ಶ್ರವಣ ಅಲ್ಲ. ಶ್ರಮಣರ ಬಿಳಿಯ ಕೊಳ. ಅಲ್ಲಿನ ಗೊಮ್ಮಟನನ್ನು ಈ ಅರ್ಥ ನೆನೆಸಿಕೊಂಡು ಒಮ್ಮೆ ನೋಡಿ. ಕಾಲ ಬಳಿ ಹುತ್ತ, ಹುತ್ತದಿಂದ ತಲೆ ಹಾಕಿದ ಹಾವು, ತೊಡೆಯಿಂದ ತೋಳಿನವರೆಗೆ ಹಬ್ಬಿದ ಬಳ್ಳಿ. ಎರಡು ಕೈಯೂ ಸುಮ್ನೆ ಇಳಿಬಿದ್ದಿವೆ. ಕೈ ಏನೂ ಮಾಡುತ್ತಿಲ್ಲ. ಒಂದು ವರ್ಷ ಹೀಗೇ ನಿಂತ ಅಂತ ಕಥೆ. ಆದರೂ ಹಳೆಯ ಲೆಕ್ಕದಲ್ಲಿ ಶ್ರಮ ಅಂದರೆ ಇದೇ!

ಇನ್ನೊಂದು ಮಜಾ ಇದೆ. ಗರಡಿ ಮನೆಯ 'ಸಾಮು' ಕೂಡ ಶ್ರಮದ ತದ್ಭವವೇ. ದಂಡ, ಬಸ್ಕಿ ಹೊಡೆದು, ಮಟ್ಟಿ ಮಣ್ಣಲ್ಲಿ ಹೊರಳಿ, ಗದೆ ತಿರುಗಿಸೋದು ಸಾಮು. ತೆಲುಗಿನಲ್ಲೂ ಅದೇ ಪದ. ಹಾಗಾಗಿ ಸವಣನೂ ಸಾಮು ಮಾಡುವ ಪೈಲ್ವಾನನೂ ಒಂದೇ ಬೇರಿನವರು. ಇಬ್ಬರದೂ ಮೈ ದಂಡಿಸುವ ಕೆಲಸ. ಒಬ್ಬರು ಊಟ ಬಿಡ್ತಾರೆ, ಇನ್ನೊಬ್ಬರು ಬಾದಾಮಿ ಹಾಲು ಬಿಡಲ್ಲ, ಅಷ್ಟೇ ವ್ಯತ್ಯಾಸ.

ಈ ಎರಡೂ ಶ್ರಮದಲ್ಲಿ ಒಂದು ಕಾಳೂ ಬೆಳೆಯೋದಿಲ್ಲ, ಗಮನಿಸಿ. ಈಗಿನ ಶ್ರಮ ಹಾಗಲ್ಲ. ಶ್ರಮಿಕ, ಶ್ರಮದಾನ, 2021ರಲ್ಲಿ ಬಂದ ಇ-ಶ್ರಮ್ ಕಾರ್ಡು, ಎಲ್ಲಾ ಕೂಲಿಗೆ, ಕಟ್ಟಡಕ್ಕೆ, ರಸ್ತೆಗೆ ಸೇರಿದ್ದು. ಅದೂ ಅರ್ಜಿಯ ಮೇಲಿನ ಮಾತು. ಗಾರೆ ಕೆಲಸದವರನ್ನು ಕೇಳಿ, 'ಶ್ರಮ ಮಾಡ್ತೀನಿ' ಅನ್ನಲ್ಲ. 'ಕೂಲಿ ಮಾಡ್ತೀನಿ' ಅಂತಾರೆ. ಕೈಗೆ ಬರುವ ದುಡ್ಡಿನ ಹೆಸರೇ ಕೆಲಸದ ಹೆಸರಾಗಿದೆ. ಮೇಸ್ತ್ರಿ ಲೆಕ್ಕ ಬರೆಯುವಾಗ 'ಗಂಡಾಳು ಮೂರು, ಹೆಣ್ಣಾಳು ಎರಡು'. ಬಾಂಡ್ಲಿ ಹೊರುವ ತಲೆ ಒಂದೇ ಥರ ನೋಯುತ್ತೆ, ಆದ್ರೆ ಕೂಲಿ ಬೇರೆ ಬೇರೆ.

ಒಳಗಿನ ದುಡಿತಕ್ಕೂ ಹೊಲದ ದುಡಿತಕ್ಕೂ ಸೇರಿ ಒಂದೇ ಪದ ನಮ್ಮಲ್ಲಿ ಇತ್ತು. ಅದು 'ಗೆಯ್'. ಹಳಗನ್ನಡದಲ್ಲಿ ಮುನಿ 'ತಪಂಗೆಯ್ದಂ', ರಾಜ 'ಬಿಜಯಂಗೆಯ್ದಂ' (ಅಂದರೆ ಗೌರವದಿಂದ 'ಬಂದ'). ಇವತ್ತು ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಅದು ಗೇಮೆ. 'ಹೊತ್ತುಟ್ಟಿದಾಗಿಂದ ಗೇದು ಗೇದು ಸೊಂಟ ಬಿದ್ದೋಯ್ತು.' ಮುನಿ, ರಾಜ, ಉಳುವ ಎತ್ತು ಮೂರಕ್ಕೂ ಒಂದೇ ಕ್ರಿಯಾಪದ. ಮುನಿಗೆ ಆಮೇಲೆ 'ತಪಸ್ಸು ಮಾಡು' ಸಿಕ್ಕಿತು, ರಾಜನಿಗೆ 'ದಯಮಾಡಿಸು' ಸಿಕ್ಕಿತು. ಗೇಯೋದು ಎತ್ತಿಗೂ ರೈತನಿಗೂ ಉಳಿಯಿತು. ತಮಿಳಿನ 'ಸೆಯ್', ತೆಲುಗಿನ 'ಚೇಯು' ಇದರ ದಾಯಾದಿಗಳೇ, ಅಲ್ಲಿ ಅವು ಬರೀ 'ಮಾಡು'.

ಇಷ್ಟು ಹೇಳಿದ ಮೇಲೆ ಯಾರಾದರೂ 'ಕಾಯಕ' ಅಂದೇ ಅಂತೀರಿ. 12ನೇ ಶತಮಾನದಲ್ಲಿ ಶರಣರು ಅದಕ್ಕೆ ಕೊಟ್ಟ ಅರ್ಥ ಸವಣನ ಶ್ರಮಕ್ಕೆ ಸರಿಯಾಗಿ ತಿರುಗುಮುರುಗು. ದೇಹ ದಣಿಸಬೇಕು ಸರಿ, ಆದರೆ ದಣಿದದ್ದು ಅನ್ನ ಆಗಬೇಕು, ಆ ಅನ್ನ ಇನ್ನೊಬ್ಬರಿಗೂ ಸಲ್ಲಬೇಕು. ದೋಣಿ ನಡೆಸು, ಹಗ್ಗ ಹೊಸೆ, ಸೌದೆ ಹೊರು, ನೂಲು. 'ಕಾಯಕವೆ ಕೈಲಾಸ' ಅನ್ನೋದು ಗೋಡೆಗಳ ಮೇಲೆ ಬಸವಣ್ಣನವರ ಹೆಸರಲ್ಲಿ ಇರುತ್ತೆ. ವಚನ ಆಯ್ದಕ್ಕಿ ಮಾರಯ್ಯನದು. ಕಾಯಕದಲ್ಲಿ ನಿರತನಾದರೆ ಗುರು ಬಂದರೂ ಮರೆ, ಲಿಂಗಪೂಜೆಯನ್ನೂ ಮರೆ ಅಂತಾನೆ ಅವನು.

ನನಗೆ ಅವನಿಗಿಂತ ಅವನ ಹೆಂಡತಿ ಲಕ್ಕಮ್ಮನೇ ಇಷ್ಟ. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರೋದು ಅವನ ಕಾಯಕ. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದ. ಅವಳು ಸಂತೋಷ ಪಡಲಿಲ್ಲ. 'ಈಸಕ್ಕಿಯಾಸೆ ನಿಮಗೇಕೆ?' ಅಂದಳು, ಹೋಗಿ ಅಲ್ಲೇ ಸುರಿದು ಬನ್ನಿ ಅಂದಳು. ಇನ್ನೊಂದು ಕಡೆ, ಗಂಡ ಮಾತಿನಲ್ಲಿ ಮೈಮರೆತಾಗ 'ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ' ಅಂತ ಎಬ್ಬಿಸಿ ಕಳಿಸ್ತಾಳೆ. ಕಮ್ಮಿ ಆದರೂ ಬೈಗುಳ, ಜಾಸ್ತಿ ಆದರೂ ಬೈಗುಳ. ಕಾಯಕಕ್ಕೆ ತಳವೂ ಇದೆ, ಮುಚ್ಚಳವೂ ಇದೆ. ಈಗ ಕಂಪನಿಗಳು ರಾತ್ರಿ ಹತ್ತರವರೆಗೆ ಕೂರಿಸಿ 'ಕಾಯಕವೇ ಕೈಲಾಸ' ಅಂದಾಗ ಆ ಮುಚ್ಚಳ ಎಲ್ಲಿ ಹೋಯ್ತು ಅಂತ ಕೇಳಬೇಕು ಅನ್ನಿಸುತ್ತೆ. ವಿಧಾನಸೌಧದ 'ಸರ್ಕಾರದ ಕೆಲಸ ದೇವರ ಕೆಲಸ'ದ ವಿಷಯ ಬಿಡಿ, ಅದಕ್ಕೆ ಜನ ಮಾಡಿರುವ ಜೋಕುಗಳೇ ಸಾಕಷ್ಟಿವೆ.

ಹಾಗಾಗಿ ಧ್ಯಾನಕ್ಕೆ ಕೂತವರಿಗೆ ಕಾಯಕ ಅಂತ ಹಚ್ಚೋದು ನನಗೆ ಒಪ್ಪಿಗೆ ಇಲ್ಲ. ಅಲ್ಲಿ ಅಕ್ಕಿ ಇಲ್ಲ, ದಾಸೋಹ ಇಲ್ಲ.

ನನ್ನ ಕಣ್ಣು ಇರೋದು 'ನೋಂಪಿ' ಮೇಲೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನ (ಸಾಯುವವರೆಗೂ ಉಪವಾಸ ಇರುವ ಜೈನ ವ್ರತ) ಹಿಡಿದು ದೇಹ ಬಿಟ್ಟವರ ಹಳೆಯ ಶಾಸನಗಳಿವೆ. ಅಲ್ಲಿ 'ನೋನ್ತು' ಅನ್ನುವ ಪದ ಮತ್ತೆ ಮತ್ತೆ ಬರುತ್ತೆ. ನೋನ್ ಅಂದರೆ ವ್ರತ ಹಿಡಿ. ತಮಿಳಿನ ಅದರ ಜೋಡಿಗೆ ತಾಳಿಕೊಳ್ಳುವ ಅರ್ಥವೂ ಇದೆ. ಹಿಡಿಯೋದು, ತಾಳೋದು, ಬಿಡದಿರೋದು ಎಲ್ಲಾ ಸೇರಿದ ಅಚ್ಚ ಕನ್ನಡದ ಪದ. ತೊಡಕು ಒಂದೇ. ಈಗ ನೋಂಪಿ ಅಂದರೆ ಪೂಜೆ ಮಾಡಿ, ದಾರ ಕಟ್ಟಿಕೊಂಡು ಮುಗಿಸುವ ವ್ರತ ಅಂತಲೇ ಜನರ ತಲೆಗೆ ಬರುತ್ತೆ. ವರ್ಷಗಟ್ಟಲೆ ನಡೆಯುವುದಕ್ಕೆ ಅದು ಎಳೆದರೆ ಬರುತ್ತಾ?

ಇನ್ನೊಂದು ದಾರಿ ಹೆರಿಗೆಯ ಮಾತು. ಆಸ್ಪತ್ರೆಯಲ್ಲಿ ಲೇಬರ್ ವಾರ್ಡ್, ಕಟ್ಟಡದವರಿಗೆ ಲೇಬರ್ ಕಾರ್ಡ್. ಇಂಗ್ಲಿಷಿಗೆ ಎರಡೂ ಒಂದೇ. ನಮಗೆ ಹೆರಿಗೆ ಕೆಲಸ ಅಲ್ಲ, ಬೇನೆ. ಬಡಗಣ ಕರ್ನಾಟಕದಲ್ಲಿ 'ಬ್ಯಾನಿ ತಿನ್ನಾಕತ್ತಾಳ' ಅಂತಾರೆ. ನೋವನ್ನ ತಿನ್ನೋದು. ಒಳಗಿನ ದುಡಿತಕ್ಕೆ ಈ 'ತಿನ್ನು' ಒಗ್ಗುತ್ತೆ ಅಂತ ನನಗನ್ನಿಸುತ್ತೆ, ಆದರೆ ಅದನ್ನ ನಾಮಪದ ಮಾಡೋದು ಹೇಗೆ ಗೊತ್ತಾಗ್ತಿಲ್ಲ.

ನಿಮ್ಮ ಕಡೆ ಏನಂತಾರೆ? ಮುಖ್ಯವಾಗಿ ಎರಡು ಗುಂಪಿನವರು ಉತ್ತರಿಸಿದರೆ ಉಪಕಾರ. ದಕ್ಷಿಣ ಕನ್ನಡ ಮತ್ತು ಬೆಳಗಾವಿ ಕಡೆಯ ಜೈನ ಮನೆಗಳಲ್ಲಿ ನೋಂಪಿ ಅನ್ನೋದನ್ನ ಹಬ್ಬದ ವ್ರತಕ್ಕೆ ಬಿಟ್ಟು ಬೇರೆ ಅರ್ಥದಲ್ಲಿ ಆಡ್ತೀರಾ? ಗರಡಿಗೆ ಹೋಗಿ ಬಂದವರು ಯಾರಾದರೂ ಇದ್ದರೆ, 'ಸಾಮು' ಪದವನ್ನ ಮೈಗೆ ಮಾತ್ರ ಬಳಸ್ತೀರಾ, ಮನಸ್ಸಿಗೂ ಬಳಸಿದ್ದು ಕೇಳಿದ್ದೀರಾ?