ದುಬೈ ಮರಳ ಸಫಾರಿ: ಮೂಳೆ ಡಾಕ್ಟರಿಗೆ ನಮ್ಮ ಪ್ರಶ್ನೆಗಳು

ಅಡ್ಮಿನ್: ಜನವರಿಯಲ್ಲಿ ನಮ್ಮ ದಾವಣಗೆರೆ ಗುಂಪು ದುಬೈಗೆ ಹೊರಟಿದೆ. ಮೂರನೇ ದಿನ ಸಂಜೆ ಮರುಭೂಮಿ ಸಫಾರಿ. ಮಧ್ಯಾಹ್ನ 3ರ ಸುಮಾರಿಗೆ ಲ್ಯಾಂಡ್ ಕ್ರೂಸರ್ ಬರುತ್ತೆ. ಲಹ್ಬಾಬ್ ಕಡೆಯ ಕೆಂಪು ಮರಳ ದಿಬ್ಬಗಳ ಮೇಲೆ ಅರ್ಧ ಗಂಟೆ ಗಾಡಿ ಹತ್ತಿಸಿ ಇಳಿಸುತ್ತಾರೆ. ಆಮೇಲೆ ಸೂರ್ಯಾಸ್ತ, ಒಂಟೆ ಸವಾರಿ, ಕ್ಯಾಂಪಿನಲ್ಲಿ ಮೆಹಂದಿ, ತನೂರಾ ಕುಣಿತ, ಊಟ. ನಮ್ಮ ಗುಂಪಿನಲ್ಲೇ ಇರುವ ಮೂಳೆ ಡಾಕ್ಟರ್ ಇವತ್ತು ಉತ್ತರ ಕೊಡುತ್ತಾರೆ. ಆರೋಗ್ಯದ ಪ್ರಶ್ನೆ ಮಾತ್ರ ಕೇಳಿ.

ವಿದ್ಯಾನಗರ: ನಮಸ್ಕಾರ ಸರ್. ನನಗೆ ಬಸ್ಸಿನಲ್ಲೇ ವಾಂತಿ ಆಗುತ್ತೆ. ಏನು ಮಾಡಲಿ?

ಡಾಕ್ಟರ್: ನಮಸ್ಕಾರ. ವಾಂತಿ ತಡೆಯುವ ಮಾತ್ರೆಯನ್ನು ಗಾಡಿ ಹತ್ತುವ ಒಂದು ಗಂಟೆ ಮೊದಲೇ ತಗೊಳ್ಳಿ. ತಲೆ ಸುತ್ತು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ನಿದ್ದೆ ಬರಬಹುದು. ಮಧ್ಯಾಹ್ನ ಹೊಟ್ಟೆ ತುಂಬ ತಿನ್ನಬೇಡಿ, ಹಾಗಂತ ಖಾಲಿ ಹೊಟ್ಟೆಯೂ ಬೇಡ. ಮುಂದಿನ ಸೀಟು ಕೇಳಿ. ಫೋನ್ ನೋಡದೆ ದೂರಕ್ಕೆ ದೃಷ್ಟಿ ಇಡಿ.

ಹರಿಹರ: ಸರ್, ನನ್ನ ಹೆಂಡತಿಗೆ ನಾಲ್ಕು ತಿಂಗಳು. ನಿಧಾನಕ್ಕೆ ಓಡಿಸಿ ಅಂದರೆ ನಡೆಯುತ್ತಾ?

ಡಾಕ್ಟರ್: ಬೇಡ. ದಿಬ್ಬವೂ ಬೇಡ, ಒಂಟೆಯೂ ಬೇಡ.

ನಿಟುವಳ್ಳಿ: ಸರ್, ನಮ್ಮಮ್ಮನಿಗೆ 66 ವರ್ಷ. ಸಂಧಿವಾತಕ್ಕೆ ಆರು ವರ್ಷದಿಂದ ದಿನಾ ಸ್ಟೀರಾಯ್ಡ್ ಮಾತ್ರೆ ತಗೋತಿದ್ದಾರೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದಿತ್ತು. ಈಗ ಹದಿನೈದು ದಿನದಿಂದ ಬೆನ್ನು ನೋವು. ಮಲಗಿದರೆ ಕಡಿಮೆ, ಎದ್ದರೆ ಜಾಸ್ತಿ. ವಯಸ್ಸಿನ ನೋವು ಅಂತ ಸುಮ್ಮನಿದ್ದೇವೆ. ಹಳೇ ನೈಟಿ ಈಗ ನೆಲಕ್ಕೆ ತಾಗುತ್ತೆ, ಬಟ್ಟೆ ಸಡಿಲ ಆಗಿದೆ ಅಂತಾರೆ. ಸೊಂಟದ ಬೆಲ್ಟ್ ಕಟ್ಟಿ ಸಫಾರಿಗೆ ಕೂರಿಸಬಹುದಾ?

ಡಾಕ್ಟರ್: ಅಮ್ಮಾ, ನಿಮ್ಮ ನೈಟಿಯ ಮಾತು ಓದಿ ನನಗೆ ಚಿಂತೆ ಆಯಿತು. ಬಟ್ಟೆ ಉದ್ದ ಆಗಿಲ್ಲ, ನಿಮ್ಮ ತಾಯಿ ಗಿಡ್ಡ ಆಗಿರಬಹುದು. ಸ್ಟೀರಾಯ್ಡ್ ಮಾತ್ರೆ ಮೂರು ತಿಂಗಳು ದಾಟಿದರೇ ಮೂಳೆ ಸವೆಯುತ್ತೆ. ಇವರದು ಆರು ವರ್ಷ. ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದಿದೆ ಅಂದರೆ ಮೂಳೆ ಟೊಳ್ಳಾಗಿರುವ ಗುರುತು. ಬೆನ್ನುಮೂಳೆಯ ಒಂದು ಬಿಲ್ಲೆ ಈಗಾಗಲೇ ಕುಸಿದಿದೆಯಾ ಅಂತ ನನ್ನ ಅನುಮಾನ. ಇದಕ್ಕೆ ಬೀಳಲೇಬೇಕು ಅಂತಿಲ್ಲ, ಬಕೆಟ್ ಎತ್ತಿದರೂ ಸಾಕು.

ಆ ಗಾಡಿಯಲ್ಲಿ ಏನಾಗುತ್ತೆ ಹೇಳ್ತೀನಿ. ಮರಳಿನಲ್ಲಿ ಹೂತುಹೋಗದಿರಲಿ ಅಂತ ಟೈರಿನ ಗಾಳಿ ಇಳಿಸುತ್ತಾರೆ. ದಿಬ್ಬದ ನೆತ್ತಿಯಿಂದ ಗಾಡಿ ಧುಮುಕಿದಾಗ ಮೈ ಸೀಟು ಬಿಟ್ಟು ಮೇಲೇಳುತ್ತೆ, ಮತ್ತೆ ದಡಕ್ಕನೆ ಕೂರುತ್ತೆ. ಆಗ ಬೆನ್ನು ಮುಂದಕ್ಕೆ ಬಾಗಿರುತ್ತೆ. ಭಾರವೆಲ್ಲ ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಜಾಗದ ಬಿಲ್ಲೆಗಳ ಮೇಲೆ ಬೀಳುತ್ತೆ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕೂತು ಹೊಲದ ಬದು ದಾಟಿದವರಿಗೆ ಈ ಏಟು ಗೊತ್ತು. ಗಟ್ಟಿ ಮೂಳೆಯ ಯುವಕರಿಗೂ ಇಂಥ ಗಾಡಿಗಳಲ್ಲಿ ಬೆನ್ನು ಮುರಿದದ್ದುಂಟು. ಸೀಟ್ ಬೆಲ್ಟ್ ನಿಮ್ಮನ್ನು ಎಸೆಯದಂತೆ ಹಿಡಿಯುತ್ತೆ, ಕೆಳಗಿನಿಂದ ಬರುವ ಏಟು ತಡೆಯಲ್ಲ. ಸೊಂಟದ ಬೆಲ್ಟೂ ತಡೆಯಲ್ಲ.

ಮೊದಲು ಎಕ್ಸ್‌ರೇ, ಆಮೇಲೆ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್. ಸ್ಟೀರಾಯ್ಡ್ ನೀವಾಗೇ ನಿಲ್ಲಿಸಬೇಡಿ, ಅದು ಬೇರೆ ಅಪಾಯ. ಕಾಲು ಜೋಮು ಬಂದರೆ, ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ನಿಟುವಳ್ಳಿ: ಭಯ ಆಗ್ತಿದೆ ಸರ್. ದುಡ್ಡು ಪೂರ್ತಿ ಕಟ್ಟಾಗಿದೆ.

ಪಿ.ಜೆ. ಬಡಾವಣೆ: ಭಯ ಬೇಡ ಅಕ್ಕ. ಒಂದು ಮೆಸೇಜ್ ಬಂದಿದೆ, ಹಾಕ್ತೀನಿ. ಹೊಕ್ಕುಳಿಗೆ ಹರಳೆಣ್ಣೆ ಬಿಟ್ಟು, ರಾತ್ರಿ ಗಸಗಸೆ ಹಾಲು ಕುಡಿದರೆ ಏಳು ದಿನದಲ್ಲಿ ಮೂಳೆ ಗಟ್ಟಿ. ಅಲ್ಲಿಗೂ ಗಸಗಸೆ ಒಯ್ಯಿರಿ.

ಡಾಕ್ಟರ್: ಆ ಮೆಸೇಜ್ ಈಗಲೇ ಅಳಿಸಿ. ಹೊಕ್ಕುಳಿನಿಂದ ಮೂಳೆಗೆ ದಾರಿ ಇಲ್ಲ. ಗಸಗಸೆ ಆ ದೇಶದಲ್ಲಿ ನಿಷಿದ್ಧ. ಬ್ಯಾಗಿನಲ್ಲಿ ಸಿಕ್ಕರೆ ಪೊಲೀಸ್ ಕೇಸ್ ಆಗಬಹುದು. ಮಸಾಲೆ ಪುಡಿಯಲ್ಲೂ ಇರದಂತೆ ನೋಡಿಕೊಳ್ಳಿ. ಟ್ರಾಮಡಾಲ್ ಇರುವ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಒಯ್ಯಲು ಅಲ್ಲಿನ ಆರೋಗ್ಯ ಇಲಾಖೆಯ ಮುಂಗಡ ಅನುಮತಿ ಬೇಕು. ಬೇರೆ ಮಾತ್ರೆಗಳಿಗೂ ಚೀಟಿ ಜೊತೆಗಿರಲಿ.

ಕೆ.ಟಿ.ಜೆ. ನಗರ: ಸರ್, ವಾಂತಿ ಮಾತ್ರೆ ಯಾವಾಗ ತಗೋಬೇಕು?

ಡಾಕ್ಟರ್: ಮೇಲೆ ಓದಿ.

ಜಗಳೂರು: ಇಷ್ಟು ಖರ್ಚು ಯಾಕೆ ರೀ? ಜೈಸಲ್ಮೇರ್ ಹತ್ತಿರ ಸಮ್ ದಿಬ್ಬಗಳಿವೆ. ಪಾಸ್‌ಪೋರ್ಟ್ ಬೇಡ, ನಮ್ಮದೇ ದೇಶ, ದಾಲ್ ಬಾಟಿ ಊಟ.

ವಿನೋಬನಗರ: ಹೋಗಿ ಬಂದಿದ್ದೀನಿ. ತೆರೆದ ಜೀಪಿನಲ್ಲಿ ನಿಂತು ಕಂಬಿ ಹಿಡೀಬೇಕಿತ್ತು. ಬೆಲ್ಟೂ ಇರಲಿಲ್ಲ.

ಜಗಳೂರು: ನಿಮಗೆ ಕಂಬಿ ಹಿಡಿಯೋಕೆ ಬರಲಿಲ್ಲ ಅಂದರೆ ಊರಿನ ತಪ್ಪಾ?

ವಿನೋಬನಗರ: ನನ್ನ ಮಗನ ಹಲ್ಲು ಮುರೀತು ಸ್ವಾಮಿ. ಗೊತ್ತಿಲ್ಲದೆ ಮಾತಾಡಬೇಡಿ.

ಜಗಳೂರು: ಯಾರಿಗೆ ಗೊತ್ತಿಲ್ಲ? ನಾನು ಎರಡು ಸಲ ಹೋಗಿದ್ದೀನಿ.

ಚನ್ನಗಿರಿ: ಇನ್ಸುಲಿನ್ ಬಿಸಿಲಲ್ಲಿ ಹೇಗೆ ಇಡಬೇಕು?

ವಿದ್ಯಾನಗರ: ಕ್ಯಾಂಪಿನಲ್ಲಿ ಸಸ್ಯಾಹಾರ ಬೇರೆ ಕೌಂಟರಾ?

ಅಡ್ಮಿನ್: ಜೈಸಲ್ಮೇರ್ ವಿಷಯ ಸಾಕು. ಊಟದ ವಿಷಯ ನನಗೆ ಫೋನ್ ಮಾಡಿ.

ಜಗಳೂರು: ಅಡ್ಮಿನ್ ಯಾವಾಗಲೂ ಅವರ ಪರ.

ಎಂ.ಸಿ.ಸಿ. ಬಿ ಬ್ಲಾಕ್: ಒಂಟೆ ಸವಾರಿಯಾದರೂ ಹಿರಿಯರಿಗೆ ಆಗುತ್ತಲ್ವಾ ಸರ್? ಮಂಡಿ ಬದಲಾಯಿಸಿಕೊಂಡವರು ಹತ್ತಬಹುದಾ?

ಡಾಕ್ಟರ್: ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತೆ. ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕೂರುವಾಗ ಮುಂಗಾಲು ಮಡಚುತ್ತೆ, ಮತ್ತೆ ಮುಗ್ಗರಿಸುತ್ತಾರೆ. ಆ ಎರಡು ಹೊತ್ತು ಹಿಂದಕ್ಕೆ ವಾಲಿ ಗಟ್ಟಿಯಾಗಿ ಹಿಡಿಯಬೇಕು. ಬೆನ್ನು ನೋವಿದ್ದವರು ನೋಡಿ ಖುಷಿಪಡಲಿ. ಹಸಿ ಒಂಟೆ ಹಾಲು ಯಾರೂ ಕುಡಿಯಬೇಡಿ.

ಪಿ.ಜೆ. ಬಡಾವಣೆ: ಹರಳೆಣ್ಣೆಯಿಂದ ನಮ್ಮ ಅತ್ತೆಗೆ ಗುಣ ಆಗಿದೆ. ನಿಮ್ಮ ಓದಿನಲ್ಲಿ ಇಲ್ಲ ಅಂತ ಸುಳ್ಳಾಗಲ್ಲ.

ಡಾಕ್ಟರ್: ಇಂಥ ಮೆಸೇಜ್ ನಂಬಿ ಮುರಿದ ಮೂಳೆಗೆ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಬಂದವರನ್ನು ನೋಡಿದ್ದೀನಿ ಮೇಡಂ. ಆಗ ಬೆನ್ನು ಗೂನಾಗಿರುತ್ತೆ, ನೆಟ್ಟಗೆ ಮಾಡಲು ಆಗಲ್ಲ. ದಯವಿಟ್ಟು ಇನ್ನೊಬ್ಬರ ತಾಯಿಯ ಮೇಲೆ ಇದನ್ನು ಪ್ರಯೋಗ ಮಾಡಿಸಬೇಡಿ.

ಪಿ.ಜೆ. ಬಡಾವಣೆ: ಹೀಗೆ ಮಾತಾಡುವುದಾದರೆ ನಾನು ಗುಂಪು ಬಿಡ್ತೀನಿ.

ಹರಿಹರ: ಸರ್, ಹೆಂಡತಿ ಮುಂದಿನ ಸೀಟಿನಲ್ಲಿ ಕೂತರೆ?

ಡಾಕ್ಟರ್: ಬೇಡ ಅಂದೆನಲ್ಲ.

ಕೆ.ಟಿ.ಜೆ. ನಗರ: ವಾಂತಿ ಮಾತ್ರೆ ಮಕ್ಕಳಿಗೂ ಅದೇನಾ?

ಡಾಕ್ಟರ್: ಅಲ್ಲ. ಮಕ್ಕಳ ಡಾಕ್ಟರನ್ನು ಕೇಳಿ.

ಡಾಕ್ಟರ್: ನಿಟುವಳ್ಳಿಯವರು ಎಲ್ಲಿ?

ನಿಟುವಳ್ಳಿ: ಇದ್ದೀನಿ ಸರ್. ಅಮ್ಮ ಎಕ್ಸ್‌ರೇ ಬೇಡ ಅಂತಿದ್ದಾರೆ. ನನ್ನಿಂದ ಎಲ್ಲರ ಪ್ರವಾಸ ಕೆಡುತ್ತೆ ಅಂತ ಅಳ್ತಿದ್ದಾರೆ.

ಡಾಕ್ಟರ್: ಪ್ರವಾಸ ಕೆಡಲ್ಲ ಅಂತ ಹೇಳಿ. ಮೂಳೆ ಕುಸಿದಿಲ್ಲ ಅಂತ ಗೊತ್ತಾದರೆ ದಿಬ್ಬ ಹಾರಿಸದೆ ನೇರ ಕ್ಯಾಂಪಿಗೆ ಕರೆದೊಯ್ಯುವ ಗಾಡಿ ಕೇಳೋಣ. ಅಂಥ ವ್ಯವಸ್ಥೆ ಮಾಡುವವರಿದ್ದಾರೆ. ಅಡ್ಮಿನ್, ಅದನ್ನು ಮೊದಲೇ ಬರವಣಿಗೆಯಲ್ಲಿ ತರಿಸಿ. ಸೂರ್ಯ ಮುಳುಗುವುದನ್ನು ಅವರು ಕುರ್ಚಿಯಲ್ಲಿ ಕೂತು ನೋಡಲಿ. ರಾತ್ರಿ ಅಲ್ಲಿ ಚಳಿ, ಶಾಲು ಇರಲಿ. ಕುಸಿದಿದ್ದರೆ ವಿಮಾನದ ಮಾತು ಆಮೇಲೆ.

ನಾಳೆ ಬೆಳಿಗ್ಗೆ 10ಕ್ಕೆ ಕರೆದುಕೊಂಡು ಬನ್ನಿ. ಆಟೋ ಬೇಡ, ಕಾರಿನಲ್ಲಿ ಸೀಟು ಹಿಂದಕ್ಕೆ ಒರಗಿಸಿ ಕೂರಿಸಿ. ಹಳೇ ಮಾತ್ರೆ ಚೀಟಿಗಳನ್ನೆಲ್ಲ ತನ್ನಿ. ಇವತ್ತು ರಾತ್ರಿ ಬಗ್ಗಿ ಏನೂ ಎತ್ತುವುದು ಬೇಡ.

ನಿಟುವಳ್ಳಿ: ಆಯ್ತು ಸರ್, ಬರ್ತೀವಿ.