ಪೈಥಾನ್ ಕ್ಲಾಸ್ ಒಂದನ್ನು ಡೀಮನ್ ಆಗಿ ಓಡಿಸುವಾಗ ಫೋರ್ಕ್ ಮಾಡುವ ಕೆಲಸ ಕ್ಲಾಸಿನ ಒಳಗೇ ಇರಬೇಕೇ?

ತುಂಗಾತೀರ (ಪ್ರಶ್ನೆ)

ಹಳೆಯ ಕನ್ನಡ ಪತ್ರಿಕೆಗಳ ಸ್ಕ್ಯಾನ್ ಪುಟಗಳನ್ನು ಟೆಸೆರಾಕ್ಟ್ ತಂತ್ರಾಂಶದ ಮೂಲಕ ಪಠ್ಯಕ್ಕೆ ಇಳಿಸುವ ಪೈಥಾನ್ ಸ್ಕ್ರಿಪ್ಟ್ ಒಂದನ್ನು ಬರೆದಿದ್ದು, ಅದು ಉಬುಂಟು ಸರ್ವರಿನಲ್ಲಿ ಹಗಲೂ ರಾತ್ರಿ ಹಿನ್ನೆಲೆಯಲ್ಲಿ, ಅಂದರೆ ಡೀಮನ್ ಆಗಿ, ಓಡುತ್ತಿರಬೇಕು. ಇಡೀ ಕೆಲಸ ಒಂದೇ ಕ್ಲಾಸಿನಲ್ಲಿದೆ. ಆಬ್ಜೆಕ್ಟ್ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರ್ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಸಂಪರ್ಕ ತೆರೆದು, ಪ್ರಗತಿಯನ್ನು ಆಗಾಗ ದಾಖಲಿಸುವ ಒಂದು ಡೀಮನ್ ಥ್ರೆಡ್ಡನ್ನು (ಅದೇ ಪ್ರೋಗ್ರಾಮಿನೊಳಗೆ ಜೊತೆಯಾಗಿ ಓಡುವ ಎಳೆಯನ್ನು) ಚಾಲೂ ಮಾಡುತ್ತದೆ. ‘ರನ್’ ಮೆಥಡ್ ನಿಮಿಷಕ್ಕೊಮ್ಮೆ ಫೋಲ್ಡರ್ ನೋಡಿ, ಹೊಸ ಪುಟಗಳಿದ್ದರೆ ಒಂದೊಂದಾಗಿ ಟೆಸೆರಾಕ್ಟಿಗೆ ಕೊಟ್ಟು, ಬಂದ ಪಠ್ಯವನ್ನು ಫೈಲಿಗೆ ಬರೆಯುತ್ತದೆ. ಸಂಪರ್ಕ ಮುಚ್ಚುವ ಕೆಲಸವನ್ನು ಆಬ್ಜೆಕ್ಟ್ ಅಳಿಯುವಾಗ ಓಡುವ ಡಿಸ್ಟ್ರಕ್ಟರಿಗೆ ವಹಿಸಿದ್ದೇನೆ.

ಟರ್ಮಿನಲ್ಲಿನಲ್ಲಿ ನೇರವಾಗಿ ಓಡಿಸಿದರೆ ಯಾವ ತೊಂದರೆಯೂ ಇಲ್ಲ. ನೋಹಪ್ (ಟರ್ಮಿನಲ್ ಮುಚ್ಚಿದರೂ ಪ್ರೋಗ್ರಾಮ್ ಓಡುತ್ತಿರುವಂತೆ ಮಾಡುವ ಆಜ್ಞೆ) ಹಾಕಿ ಹಿನ್ನೆಲೆಗೆ ಕಳಿಸಿದರೆ ಮಾತ್ರ ಲಾಗ್ ಫೈಲ್ ಗಂಟೆಗಟ್ಟಲೆ ಖಾಲಿಯಾಗಿಯೇ ಇರುತ್ತದೆ, ಮತ್ತು ಕಿಲ್ ಆಜ್ಞೆ ಕೊಟ್ಟು ನಿಲ್ಲಿಸಿದಾಗ ಆ ಹೊತ್ತಿಗೆ ಬರೆಯುತ್ತಿದ್ದ ಪುಟ ಅರ್ಧಕ್ಕೆ ನಿಂತು, ಡಿಸ್ಟ್ರಕ್ಟರ್ ಓಡಿದ ಸುಳಿವೇ ಇರುವುದಿಲ್ಲ. ಇದಕ್ಕೆ ಪರಿಹಾರವೆಂದು, ಎರಡು ಬಾರಿ ಫೋರ್ಕ್ ಮಾಡುವ (ಓಡುತ್ತಿರುವ ಪ್ರೋಗ್ರಾಮಿನ, ಅಂದರೆ ಪ್ರೊಸೆಸ್ಸಿನ, ನಕಲೊಂದನ್ನು ಹುಟ್ಟಿಸುವ) ‘ಡೀಮನ್’ ಎಂಬ ಮೂಲ ಕ್ಲಾಸಿನಿಂದ ನನ್ನ ಕ್ಲಾಸನ್ನು ಇನ್‌ಹೆರಿಟ್ ಮಾಡಿದೆ. ಈಗ ಮೊದಲ ಕ್ವೆರಿಯಲ್ಲೇ, ಸರ್ವರ್ ಸಂಪರ್ಕವನ್ನು ಅನಿರೀಕ್ಷಿತವಾಗಿ ಮುಚ್ಚಿದೆ ಎಂಬ ದೋಷ ಬರುತ್ತಿದೆ. ಪ್ರಗತಿ ದಾಖಲಿಸುವ ಥ್ರೆಡ್ ಅಂತೂ ಕೆಲಸವನ್ನೇ ಮಾಡುತ್ತಿಲ್ಲ. ಫೋರ್ಕ್ ಮಾಡುವ ಜವಾಬ್ದಾರಿ ಕ್ಲಾಸಿನ ಒಳಗಿರುವುದು ಸರಿಯೇ, ಅಥವಾ ಬೇರೆ ಕ್ರಮವಿದೆಯೇ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹೊಸಬೇರು

ತಾವು ಹೇಳಿದ ಎರಡೂ ಹೊಸ ದೋಷಗಳಿಗೆ ಕಾರಣ ಒಂದೇ: ಆಬ್ಜೆಕ್ಟ್ ಹುಟ್ಟಿದ ಪ್ರೊಸೆಸ್ ಬೇರೆ, ಕೆಲಸ ಮಾಡುತ್ತಿರುವ ಪ್ರೊಸೆಸ್ ಬೇರೆ. ಎರಡು ಫೋರ್ಕಿನ ಕ್ರಮ ಯುನಿಕ್ಸ್‌ನಲ್ಲಿ ಬಹಳ ಹಳೆಯದು. ಸೆಟ್‌ಸಿಡ್ ಎಂಬ ಸಿಸ್ಟಮ್ ಫಂಕ್ಷನ್ ಕರೆಯಬೇಕಾದರೆ ಪ್ರೊಸೆಸ್ ತನ್ನ ಗುಂಪಿನ ಮುಖ್ಯಸ್ಥನಾಗಿರಬಾರದು, ಆದ್ದರಿಂದ ಮೊದಲ ಫೋರ್ಕ್. ಸೆಟ್‌ಸಿಡ್ ಹೊಸ ಸೆಷನ್ ಶುರುಮಾಡಿ ಟರ್ಮಿನಲ್ಲಿನ ನಂಟು ಕಡಿಯುತ್ತದೆ. ಮುಂದೆಂದೂ ಯಾವ ಟರ್ಮಿನಲ್ಲೂ ಅಂಟಿಕೊಳ್ಳದಂತೆ ಮಾಡಲು ಎರಡನೆಯ ಫೋರ್ಕ್. ಇದರಲ್ಲಿ ತಪ್ಪಿಲ್ಲ, ಆದರೆ ಈ ಕ್ರಮಕ್ಕೆ ತಮ್ಮ ಆಬ್ಜೆಕ್ಟಿನ ಸಂಗತಿ ಏನೂ ತಿಳಿಯದು.

ಫೋರ್ಕ್ ಆದಾಗ ಮೆಮೊರಿಯಲ್ಲಿರುವ ಆಬ್ಜೆಕ್ಟ್ ಮಗು ಪ್ರೊಸೆಸ್ಸಿಗೂ ನಕಲಾಗುತ್ತದೆ, ಆದರೆ ಅದು ಹಿಡಿದಿರುವ ಸಾಕೆಟ್ (ಡೇಟಾಬೇಸ್ ಸಂಪರ್ಕದ ತುದಿ) ಒಂದೇ. ಎರಡೂ ಪ್ರೊಸೆಸ್‌ಗಳು ಅದನ್ನೇ ಹಂಚಿಕೊಂಡಿರುತ್ತವೆ. ತಮ್ಮ ಮೂಲ ಕ್ಲಾಸ್ ತಾಯಿ ಪ್ರೊಸೆಸ್ಸನ್ನು ಮುಗಿಸಲು ಸಾಮಾನ್ಯ ಎಕ್ಸಿಟ್ ಕರೆಯುತ್ತಿದ್ದರೆ, ಹೋಗುವ ಮುನ್ನ ಪೈಥಾನ್ ಶಿಸ್ತಾಗಿ ಎಲ್ಲ ಆಬ್ಜೆಕ್ಟುಗಳನ್ನು ವಿಲೇವಾರಿ ಮಾಡುತ್ತದೆ, ಅಂದರೆ ತಾಯಿಯ ಕಡೆಯ ಡಿಸ್ಟ್ರಕ್ಟರ್ ಪೋಸ್ಟ್‌ಗ್ರೆಸ್‌ಗೆ ಮುಕ್ತಾಯದ ಸಂದೇಶ ಕಳಿಸಿಬಿಡುತ್ತದೆ. ಸರ್ವರ್ ತನ್ನ ಕಡೆಯಿಂದ ಸಂಪರ್ಕವನ್ನು ಮುಚ್ಚುತ್ತದೆ. ಇದಾವುದರ ಅರಿವಿಲ್ಲದ ಮಗು ಮೊದಲ ಕ್ವೆರಿ ಕಳಿಸಿದ ಕೂಡಲೇ ತಾವು ಕಂಡ ದೋಷ. ಶುದ್ಧೀಕರಣದ ಯಾವ ಹಂತವೂ ಇಲ್ಲದೆ ಹೊರಬೀಳುವ, ಹೆಸರಿನ ಮುಂದೆ ಕೆಳಗೆರೆ ಇರುವ ಎಕ್ಸಿಟ್ ‘ಓಎಸ್’ ಮಾಡ್ಯೂಲಿನಲ್ಲಿ ಇರುವುದು ಇಂತಹ ಸಂದರ್ಭಕ್ಕಾಗಿಯೇ. ಇನ್ನು ಥ್ರೆಡ್ಡಿನ ವಿಷಯ: ಫೋರ್ಕ್ ಕರೆದ ಥ್ರೆಡ್ ಒಂದೇ ಮಗುವಿನಲ್ಲಿ ಉಳಿಯುತ್ತದೆ, ಉಳಿದವು ಬರುವುದೇ ಇಲ್ಲ.

ಎಕ್ಸಿಟ್ ಬದಲಿಸಿ, ಸಂಪರ್ಕವನ್ನೂ ಥ್ರೆಡ್ಡನ್ನೂ ‘ರನ್’ ಮೆಥಡ್ಡಿನ ಆರಂಭಕ್ಕೆ ಸರಿಸಿದರೆ ತಮ್ಮ ಸ್ಕ್ರಿಪ್ಟ್ ಓಡುತ್ತದೆ. ಆದರೂ ಆ ಇನ್‌ಹೆರಿಟೆನ್ಸನ್ನೇ ತೆಗೆದುಹಾಕುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಪುಟಗಳನ್ನು ಪಠ್ಯವಾಗಿಸುವ ಕ್ಲಾಸ್ ‘ಡೀಮನ್’ ಎಂಬುದರ ಒಂದು ಬಗೆಯಲ್ಲ. ಅದನ್ನು ಹಾಗೆ ಮಾಡಿದ್ದರಿಂದಲೇ ಇಂದು ಟೆಸ್ಟ್ ಬರೆಯಲು ಹೊರಟರೂ ಫೋರ್ಕ್ ಅಡ್ಡ ಬರುತ್ತದೆ. ಉಬುಂಟುವಿನಲ್ಲಿ 2015ರ 15.04 ಆವೃತ್ತಿಯಿಂದ ಹಿನ್ನೆಲೆಯ ಸರ್ವೀಸುಗಳನ್ನು ನಡೆಸುವ ಸಿಸ್ಟಮ್‌ಡಿ ಇದ್ದು, ಹಿನ್ನೆಲೆಗೆ ಕಳಿಸುವುದು, ಯಾವ ಬಳಕೆದಾರನ ಹೆಸರಿನಲ್ಲಿ ಓಡಬೇಕು, ಯಾವ ಫೋಲ್ಡರಿನಲ್ಲಿ ನಿಲ್ಲಬೇಕು, ಬಿದ್ದರೆ ಎಬ್ಬಿಸಬೇಕೇ ಎಂಬುದನ್ನೆಲ್ಲ ಹತ್ತು ಸಾಲಿನ ಯೂನಿಟ್ ಫೈಲ್ ನೋಡಿಕೊಳ್ಳುತ್ತದೆ. ಟೈಪ್ ‘ಸಿಂಪಲ್’ ಇರಲಿ, ಸ್ಕ್ರಿಪ್ಟ್ ಟರ್ಮಿನಲ್ಲಿನಲ್ಲಿ ಓಡಿದಂತೆಯೇ ಮುನ್ನೆಲೆಯಲ್ಲಿ ಓಡಲಿ. ಸಿಸ್ಟಮ್‌ಡಿ ಇಲ್ಲದೆ ಸೂಪರ್‌ವೈಸರ್ ಎಂಬ ಇಂಥದ್ದೇ ತಂತ್ರಾಂಶ ಬಳಸುವವರಿಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ತಾನಾಗಿ ಫೋರ್ಕ್ ಆಗಿ ತಪ್ಪಿಸಿಕೊಳ್ಳುವ ಪ್ರೊಸೆಸ್ಸನ್ನು ಅದು ನಿಭಾಯಿಸಲಾರದು.

ಲಾಗ್ ಖಾಲಿ ಇರುವುದಕ್ಕೆ ಕಾರಣ ಸಣ್ಣದು. ಔಟ್‌ಪುಟ್ ಟರ್ಮಿನಲ್ಲಿಗೆ ಹೋಗದಿದ್ದಾಗ ಪೈಥಾನ್ ಅದನ್ನು ಬಫರಿನಲ್ಲಿ (ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ) ಕೂಡಿಡುತ್ತದೆ. ಪ್ರಿಂಟ್ ಬಿಟ್ಟು ಲಾಗಿಂಗ್ ಮಾಡ್ಯೂಲ್ ಬಳಸಿದರೆ ಸಾಕು.

ಸಂಜೆಪಾಳಿ

ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ಅರ್ಧಕ್ಕೆ ನಿಂತ ಫೈಲಿನ ಪ್ರಶ್ನೆ ಮಾತ್ರ ಉಳಿದಿದೆ, ಅದು ಸಿಸ್ಟಮ್‌ಡಿಗೆ ಬಂದ ಮಾತ್ರಕ್ಕೆ ಬಗೆಹರಿಯದು.

ಕಿಲ್ ಆಜ್ಞೆ ಕಳಿಸುವುದು 15ನೇ ಸಿಗ್ನಲ್ಲಾದ ಸಿಗ್‌ಟರ್ಮ್. ಕಂಟ್ರೋಲ್-ಸಿ ಒತ್ತಿದಾಗ ಪೈಥಾನ್ ಒಂದು ಎಕ್ಸೆಪ್ಶನ್ ಎಬ್ಬಿಸುವುದರಿಂದ ‘ಫೈನಲಿ’ ಬ್ಲಾಕುಗಳು ಓಡುತ್ತವೆ. ಸಿಗ್‌ಟರ್ಮ್‌ಗೆ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಇಲ್ಲದಿದ್ದರೆ ಕರ್ನಲ್ ಪ್ರೊಸೆಸ್ಸನ್ನು ಅಲ್ಲೇ ಮುಗಿಸುತ್ತದೆ, ‘ಫೈನಲಿ’ ಆಗಲಿ ಡಿಸ್ಟ್ರಕ್ಟರ್ ಆಗಲಿ ಓಡುವುದಿಲ್ಲ. ಬಫರಿನಲ್ಲಿದ್ದ ಪಠ್ಯವೂ ಅಲ್ಲಿಗೇ ಹೋಗುತ್ತದೆ. ತಮ್ಮ ಅರ್ಧ ಫೈಲುಗಳ ಗಾತ್ರ ನೋಡಿ: ಅದು 4096 ಅಥವಾ 8192ರ ಗುಣಕವಾಗಿರುವ ಸಂಭವ ಹೆಚ್ಚು, ಮತ್ತು ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್, ‘ಕ್ಷ’ದಂತಹ ಒತ್ತಕ್ಷರಕ್ಕೆ ಒಂಬತ್ತು ಬೈಟ್ ಬೇಕಾಗಿರುವುದರಿಂದ ಕೊನೆಯ ಅಕ್ಷರ ನಡುವೆಯೇ ಕತ್ತರಿಸಿಹೋಗಿ, ಓದಲು ಹೊರಟ ಮುಂದಿನ ಪ್ರೋಗ್ರಾಮ್ ಡಿಕೋಡ್ ದೋಷ ಕೊಡಬಹುದು.

ಆದ್ದರಿಂದ ಕ್ಲಾಸಿಗೆ ‘ನಿಲ್ಲು’ ಎಂಬ ಮೆಥಡ್ ಕೊಟ್ಟು, ಅದನ್ನು ಮುಖ್ಯ ಥ್ರೆಡ್ಡಿನಲ್ಲಿ ಸಿಗ್‌ಟರ್ಮ್‌ನ ಹ್ಯಾಂಡ್ಲರ್ ಆಗಿ ನೋಂದಾಯಿಸಿ. ಆ ಮೆಥಡ್ ಒಂದು ಬೂಲಿಯನ್ ಬದಲಿಸುವುದರ ಹೊರತು ಬೇರೇನನ್ನೂ ಮಾಡದಿರಲಿ. ಪ್ರತಿ ಪುಟ ಮುಗಿದ ಮೇಲೆ ‘ರನ್’ ಅದನ್ನು ನೋಡಿ ಹೊರಬರಲಿ. ಪೈಥಾನ್ 3.5ರಿಂದ ಈಚೆಗೆ ಹ್ಯಾಂಡ್ಲರ್ ಎಕ್ಸೆಪ್ಶನ್ ಎಬ್ಬಿಸದಿದ್ದರೆ ಸ್ಲೀಪ್ ತನ್ನ ಉಳಿದ ಅವಧಿಯನ್ನು ಪೂರೈಸಿಯೇ ಏಳುವುದರಿಂದ, ಒಂದು ನಿಮಿಷದ ನಿದ್ದೆಯನ್ನು ಒಂದೊಂದು ಸೆಕೆಂಡಿನ ಲೂಪ್ ಆಗಿ ಒಡೆಯುವುದು ಒಳ್ಳೆಯದು. ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಆಮೇಲೆ ತಡೆಯಲಾಗದ ಸಿಗ್‌ಕಿಲ್ ಕಳಿಸುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ನಿಲ್ಲಿಸುವಾಗ ಸಿಸ್ಟಮ್‌ಡಿ ಸಿಗ್‌ಟರ್ಮ್ ಅನ್ನು ತಮ್ಮ ಪೈಥಾನ್ ಪ್ರೊಸೆಸ್ಸಿಗೆ ಮಾತ್ರವಲ್ಲ, ಆ ಸರ್ವೀಸಿನ ಎಲ್ಲ ಪ್ರೊಸೆಸ್‌ಗಳಿಗೂ ಕಳಿಸುತ್ತದೆ. ತಮ್ಮ ಆಬ್ಜೆಕ್ಟ್ ತಾಳ್ಮೆಯಿಂದ ಪುಟ ಮುಗಿಯಲೆಂದು ಕಾಯುತ್ತಿರುವಾಗ ಟೆಸೆರಾಕ್ಟ್ ಸತ್ತು, ಮೈನಸ್ 15 ಎಂಬ ರಿಟರ್ನ್ ಕೋಡ್ ಬರುತ್ತದೆ. ಯೂನಿಟ್ ಫೈಲಿನಲ್ಲಿ ಕಿಲ್‌ಮೋಡ್ ಅನ್ನು ‘ಮಿಕ್ಸ್ಡ್’ ಎಂದು ಬರೆದರೆ ಮೊದಲ ಸಿಗ್ನಲ್ ಮುಖ್ಯ ಪ್ರೊಸೆಸ್ಸಿಗಷ್ಟೇ ಹೋಗುತ್ತದೆ. ವಿದ್ಯುತ್ ಹೋಗುವುದನ್ನು ಯಾವ ಹ್ಯಾಂಡ್ಲರೂ ತಡೆಯದ ಕಾರಣ, ಪಠ್ಯವನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಡಿಸ್ಕಿಗೆ ಸಿಂಕ್ ಮಾಡಿ, ಅದೇ ಫೈಲ್‌ಸಿಸ್ಟಮ್ಮಿನಲ್ಲಿ ನಿಜವಾದ ಹೆಸರಿಗೆ ಬದಲಿಸುವ ರೂಢಿಯನ್ನೂ ಇಟ್ಟುಕೊಳ್ಳಿ.

ಕೋಲಾರದವ

ಇಲ್ಲಿ ಡೀಮನ್ ಬೇಕೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ನಿಮಿಷಕ್ಕೊಮ್ಮೆ ಫೋಲ್ಡರ್ ನೋಡುವ ಕೆಲಸಕ್ಕೆ ಸಿಸ್ಟಮ್‌ಡಿ ಟೈಮರ್ ಸಾಕು: ಸ್ಕ್ರಿಪ್ಟ್ ಎದ್ದು, ಇರುವ ಪುಟಗಳನ್ನೆಲ್ಲ ಮುಗಿಸಿ, ಹೊರಟುಹೋಗುತ್ತದೆ. ತಿಂಗಳುಗಟ್ಟಲೆ ಬದುಕುವ ಆಬ್ಜೆಕ್ಟಿನಲ್ಲಿ ನಿಧಾನವಾಗಿ ಬೆಳೆಯುವ ಲಿಸ್ಟುಗಳು, ಮುಚ್ಚದ ಫೈಲುಗಳು, ಹಳಸಿದ ಸಂಪರ್ಕ, ಇವು ಯಾವುವೂ ತಲೆನೋವಾಗುವುದಿಲ್ಲ. ಸರ್ವೀಸ್ ಇನ್ನೂ ಓಡುತ್ತಿದ್ದರೆ ಟೈಮರ್ ಎರಡನೆಯ ಪ್ರತಿಯನ್ನು ಶುರುಮಾಡುವುದಿಲ್ಲ. ನಿಗದಿತ ಹೊತ್ತಿಗೆ ಆಜ್ಞೆ ಓಡಿಸುವ ಕ್ರಾನ್ ಬಳಸಿದರೆ ಈ ಕಾವಲನ್ನು ನಾವೇ ಫೈಲ್ ಲಾಕ್ ಹಾಕಿ ಏರ್ಪಡಿಸಬೇಕು. ಟೆಸೆರಾಕ್ಟನ್ನು ಹೊರಗಿನ ಆಜ್ಞೆಯಾಗಿ ಕರೆಯುತ್ತಿರುವುದರಿಂದ ಕನ್ನಡದ ಮಾಡೆಲ್ ಹೇಗೂ ಪ್ರತಿ ಪುಟಕ್ಕೂ ಹೊಸದಾಗಿ ಲೋಡ್ ಆಗುತ್ತದೆ, ಹಾಗಾಗಿ ಡೀಮನ್ ಆಗಿ ಕುಳಿತು ಉಳಿಸಿದ್ದೇನೂ ಇಲ್ಲ. ಟೈಮರ್‌ಗೆ ಬಂದರೆ, ಎಷ್ಟು ತಡವಾಗಬಹುದು ಎಂಬುದನ್ನು ಹೇಳುವ ‘ಅಕ್ಯುರಸಿಸೆಕ್’ ಅನ್ನು ಒಂದು ಸೆಕೆಂಡಿಗೆ ಇಳಿಸಿ, ಏಕೆಂದರೆ ಅದರ ಪೂರ್ವನಿಯೋಜಿತ ಬೆಲೆಯೇ ಒಂದು ನಿಮಿಷ.

ತುಂಗಾತೀರ

ಮೂವರಿಗೂ ಧನ್ಯವಾದಗಳು. ಟೈಮರ್‌ನ ಸಲಹೆ ಇಂದಿನ ಸ್ಥಿತಿಗೆ ಸರಿಯಾಗಿಯೇ ಇದೆ, ಆದರೆ ಮುಂದೆ ಟೆಸೆರಾಕ್ಟನ್ನು ಲೈಬ್ರರಿಯಾಗಿ ಬಳಸಿ, ಮಾಡೆಲನ್ನು ಆಬ್ಜೆಕ್ಟಿನಲ್ಲೇ ಒಮ್ಮೆ ಲೋಡ್ ಮಾಡಿಟ್ಟುಕೊಳ್ಳುವ ಉದ್ದೇಶವಿರುವುದರಿಂದ ಡೀಮನ್ನನ್ನೇ ಉಳಿಸಿಕೊಳ್ಳುತ್ತೇನೆ. ಮೂಲ ಕ್ಲಾಸನ್ನು ತೆಗೆದು ಯೂನಿಟ್ ಫೈಲ್ ಬರೆದಿದ್ದೇನೆ. ನಿಲ್ಲಿಸಿದಾಗ ಪುಟ ಪೂರ್ಣವಾಗಿ ಬರುತ್ತಿದೆ. ಪರೀಕ್ಷೆಗೆಂದು ಪೋಸ್ಟ್‌ಗ್ರೆಸ್ ನಿಲ್ಲಿಸಿ ನೋಡಿದಾಗ ಮಾತ್ರ, ‘ರೀಸ್ಟಾರ್ಟ್’ ಅನ್ನು ‘ಆನ್-ಫೇಲ್ಯೂರ್’ ಎಂದು ಕೊಟ್ಟಿದ್ದರೂ ಸರ್ವೀಸ್ ಕೆಲವು ಬಾರಿ ಎದ್ದು ಬಿದ್ದು, ಮತ್ತೆ ಏಳದೆ ಉಳಿಯಿತು.

ಹೊಸಬೇರು

ಅದು ಸಿಸ್ಟಮ್‌ಡಿ ಹಾಕಿಕೊಂಡಿರುವ ಮಿತಿ. ಬಿದ್ದ ಸರ್ವೀಸನ್ನು ಅದು 100 ಮಿಲಿಸೆಕೆಂಡಿನಲ್ಲೇ ಎಬ್ಬಿಸುತ್ತದೆ, ಆದರೆ 10 ಸೆಕೆಂಡಿನೊಳಗೆ 5 ಬಾರಿ ಶುರುವಾದದ್ದನ್ನು ಮತ್ತೆ ಮುಟ್ಟುವುದಿಲ್ಲ. ಮತ್ತೆ ಎಬ್ಬಿಸುವ ಮುನ್ನ ಕಾಯುವ ಸೆಕೆಂಡುಗಳಾದ ‘ರೀಸ್ಟಾರ್ಟ್‌ಸೆಕ್’ ಅನ್ನು 30 ಎಂದು ಬರೆದರೆ ಆ ಮಿತಿಯನ್ನು ತಲುಪುವ ಪ್ರಶ್ನೆಯೇ ಬರುವುದಿಲ್ಲ. ಸಂಪರ್ಕ ಕಡಿದಾಗ ಮರುಸಂಪರ್ಕಿಸುವ ಕೋಡನ್ನು ಕ್ಲಾಸಿನಲ್ಲಿ ಬರೆಯುವ ಆಸೆ ಹುಟ್ಟಬಹುದು; ನಾನಾದರೆ ಬರೆಯುವುದಿಲ್ಲ, ಎಕ್ಸೆಪ್ಶನ್ ಮೇಲೇರಿ ಪ್ರೊಸೆಸ್ ಬೀಳಲಿ, ಮೂವತ್ತು ಸೆಕೆಂಡಿನ ಮೇಲೆ ಹೊಸ ಆಬ್ಜೆಕ್ಟ್ ಹೊಸ ಸಂಪರ್ಕದೊಡನೆ ಏಳಲಿ ಎಂದು ಬಿಡುತ್ತೇನೆ. ಸದ್ಯ ಬಿದ್ದಿರುವ ಸರ್ವೀಸನ್ನು ಎಬ್ಬಿಸಲು ಮೊದಲು ಯೂನಿಟ್ ಫೈಲ್ ತಿದ್ದಿ, ಡೀಮನ್-ರೀಲೋಡ್ ಕೊಟ್ಟು, ‘ರೀಸೆಟ್-ಫೇಲ್ಡ್’ ಮಾಡಿದ ಬಳಿಕ ಸ್ಟಾರ್ಟ್ ಕೊಡಿ.